ಹೊಸ ಬೈನಾಕ್ಯುಲರಿನ ಮೊದಲ ವಾರ



ಮಳೆಗಾಲ ಮುಗಿದು ಕೆರೆಗಳು ತುಂಬಿವೆ. ಇನ್ನು ಕೆಲವು ದಿನಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ನಾಡಿನ ಬೇರೆ ಕೆರೆಗಳಿಗೂ ವಲಸೆ ಹಕ್ಕಿಗಳು ಬರುವ ಕಾಲ ಇದು. ಬೈನಾಕ್ಯುಲರ್ ಕೊಳ್ಳುವ ಕಾಲವೂ ಇದೇ. ಮಕ್ಕಳು ಬೇಕೆಂದು ಹಟ ಹಿಡಿಯುತ್ತಾರೆ. ನಿವೃತ್ತರಾದವರು ಬಹುದಿನದ ಆಸೆ ತೀರಿಸಿಕೊಳ್ಳುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ವಸ್ತು. ಸಂಬಳದ ಮನೆಯಲ್ಲಿ ಅದು ಸಣ್ಣ ಹಣವಲ್ಲ.

ಹಾಗೆ ಕೊಂಡ ಹೊಸ ಬೈನಾಕ್ಯುಲರ್ ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದಿದ್ದರೆ ಅದನ್ನು ಹೇಗೆ ಗುರುತಿಸುವುದು? ಗುರುತಿಸಿದ ಮೇಲೆ ಏನು ಮಾಡುವುದು? ಇವತ್ತು ಅದನ್ನಷ್ಟೇ ಮಾತಾಡೋಣ.

ಈ ಉಪಕರಣದ ಒಂದು ವಿಚಿತ್ರವನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಸಿ ಕೆಟ್ಟಿದ್ದರೆ ತಿರುಗುವುದಿಲ್ಲ. ಗಡಿಯಾರ ಕೆಟ್ಟಿದ್ದರೆ ನಿಲ್ಲುತ್ತದೆ. ಬೈನಾಕ್ಯುಲರ್ ಕೆಟ್ಟಿದ್ದರೂ ಹಕ್ಕಿ ಕಾಣುತ್ತದೆ. ಏಕೆಂದರೆ ಅದರ ಬಹು ದೊಡ್ಡ ದೋಷವನ್ನು ನಮ್ಮ ಕಣ್ಣೇ ಮುಚ್ಚಿಹಾಕುತ್ತದೆ. ಕೊಂಡವರು ತಲೆನೋವು ಅನುಭವಿಸುತ್ತಾರೆ. ಆಮೇಲೆ ತಮ್ಮ ಕಣ್ಣನ್ನೇ ದೂರುತ್ತಾರೆ.

ಇದು ಹೇಗೆ ಆಗುತ್ತದೆ, ಕೇಳಿ.

ಬೈನಾಕ್ಯುಲರ್ ಎಂದರೆ ಒಂದು ಕೀಲಿಗೆ ಜೋಡಿಸಿದ ಎರಡು ದೂರದರ್ಶಕ. ಪ್ರತಿ ಕೊಳವೆಯ ಮುಂದೆ ಒಂದು ದೊಡ್ಡ ಮಸೂರ. ಕಣ್ಣಿನ ಕಡೆಗೆ ಚಿಕ್ಕ ಮಸೂರಗಳ ಗುಂಪು. ನಡುವೆ ಗಾಜಿನ ಪ್ರಿಸ್ಮುಗಳು. ಮುಂದಿನ ಮಸೂರ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಪ್ರಿಸ್ಮುಗಳು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಇಂಥ ಪ್ರಿಸ್ಮ್ ಜೋಡಣೆಗೆ ಪೇಟೆಂಟ್ ಪಡೆದರು. ಆದರೆ ಅದನ್ನು ಕರಾರುವಾಕ್ಕಾಗಿ ತಯಾರಿಸುವುದು ಆಗ ಸುಲಭವಿರಲಿಲ್ಲ. ಜರ್ಮನಿಯ ಯೆನಾದಲ್ಲಿ ಎರ್ನ್ಸ್ಟ್ ಅಬೆ ರೂಪಿಸಿದ ಝೈಸ್ ಕಂಪನಿಯ ಬೈನಾಕ್ಯುಲರ್ ಮಾರುಕಟ್ಟೆಗೆ ಬಂದದ್ದು 1894ರಲ್ಲಿ. ನಡುವೆ ಸುಮಾರು ನಲವತ್ತು ವರ್ಷ. ಗಾಜನ್ನು ಕರಾರುವಾಕ್ಕಾಗಿ ಕೂರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಆ ನಲವತ್ತು ವರ್ಷವೇ ಸಾಕ್ಷಿ.

ಆ ಕಷ್ಟ ಇವತ್ತಿಗೂ ಇದೆ. ಎರಡೂ ಕೊಳವೆಗಳು ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಒಂದೇ ಸಾಲಿನಲ್ಲಿ ನಡೆಯಬೇಕು. ಒಂದು ಕೊಳವೆ ತುಸು ಓರೆಯಾಗಿದ್ದರೆ ಎರಡು ಕಣ್ಣಿಗೆ ಎರಡು ಬೇರೆ ಬೇರೆ ಜಾಗದಲ್ಲಿ ಚಿತ್ರ ಬೀಳುತ್ತದೆ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ಬೈನಾಕ್ಯುಲರಿನಲ್ಲಿ ಆ ಓರೆಯೂ ಏಳೆಂಟು ಪಟ್ಟು ಹಿಗ್ಗುತ್ತದೆ. ಪ್ರಿಸ್ಮನ್ನು ಕೂರಿಸುವಾಗ ಕೈ ತಪ್ಪಿರಬಹುದು. ಅಂಟು ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಸಾಗಣೆಯಲ್ಲಿ ಪೆಟ್ಟಿಗೆ ಬಿದ್ದಿರಬಹುದು. ಎರಡು ಕೊಳವೆಗಳನ್ನು ಹೀಗೆ ಒಂದೇ ದಿಕ್ಕಿಗೆ ಕೂರಿಸುವುದಕ್ಕೆ ಕಾಲಿಮೇಷನ್ ಎನ್ನುತ್ತಾರೆ. ಈ ಮಾತು ನೆನಪಿರಲಿ. ದೂರು ಬರೆಯುವಾಗ ಬೇಕಾಗುತ್ತದೆ.

ಈಗ ಕಣ್ಣಿನ ವಿಷಯ. ಎರಡು ಚಿತ್ರ ಬೇರೆ ಬೇರೆ ಜಾಗದಲ್ಲಿ ಬಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಕಣ್ಣುಗುಡ್ಡೆಗಳನ್ನು ಎಳೆದು ತಿರುಗಿಸಿ ಎರಡನ್ನೂ ಒಂದು ಮಾಡುತ್ತದೆ. ಕಣ್ಣುಗಳು ಒಳಮುಖವಾಗಿ ಸಲೀಸಾಗಿ ತಿರುಗುತ್ತವೆ. ಪುಸ್ತಕ ಓದುವಾಗ ದಿನವೂ ಆ ಕೆಲಸ ಮಾಡುತ್ತವೆ. ಹೊರಮುಖವಾಗಿ ತಿರುಗುವುದು ಕಷ್ಟ. ಒಂದು ಕಣ್ಣು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಿರುಗುವುದು ಇನ್ನೂ ಕಷ್ಟ. ದಿನನಿತ್ಯದ ಬದುಕಿನಲ್ಲಿ ಅಂಥ ಕೆಲಸವೇ ಬರುವುದಿಲ್ಲ. ಹಾಗಾಗಿ ಒಂದು ಕೊಳವೆಯ ಚಿತ್ರ ಮೇಲೆ, ಇನ್ನೊಂದರದು ಕೆಳಗೆ ಇದ್ದರೆ ಅದೇ ಎಲ್ಲಕ್ಕಿಂತ ಕೆಟ್ಟ ದೋಷ. ಮೊದಲ ಎರಡು ನಿಮಿಷ ಏನೂ ಗೊತ್ತಾಗುವುದಿಲ್ಲ. ಹತ್ತು ನಿಮಿಷಕ್ಕೆ ಹುಬ್ಬಿನ ನಡುವೆ ಎಳೆತ ಶುರು. ಅರ್ಧ ಗಂಟೆಗೆ ತಲೆನೋವು. ಕೆಲವರಿಗೆ ಓಕರಿಕೆ.

ನಮ್ಮ ಕೆರೆ ಏರಿಯ ಮೇಲೆ ಭಾನುವಾರ ಸೇರುವ ಗುಂಪಿನಲ್ಲಿ ಶಾಲೆಯ ಮೇಷ್ಟರೊಬ್ಬರಿದ್ದಾರೆ. ಹೊಸ ಬೈನಾಕ್ಯುಲರ್ ಕೊಂಡ ಮೇಲೆ ಅವರು ಹಕ್ಕಿ ನೋಡುವುದನ್ನೇ ಕಡಿಮೆ ಮಾಡಿದರು. ಕನ್ನಡಕ ಬದಲಿಸಿದರು. ಕಣ್ಣಿಗೆ ತೊಟ್ಟು ಔಷಧಿ ಹಾಕಿಕೊಂಡರು. "ವಯಸ್ಸಾಯ್ತು ಸಾರ್, ಈ ಹವ್ಯಾಸ ನಮಗಲ್ಲ" ಎಂದರು. "ಒಂದ್ಸಲ ಕೊಡಿ ಮೇಷ್ಟ್ರೇ" ಎಂದು ಈಸಿಕೊಂಡು ನೋಡಿದೆ. ಆಚೆ ದಡದ ನೀರುಕಾಗೆ ಒಂದರ ಮೇಲೊಂದು ಎರಡಾಗಿ ಕಂಡಿತು. ಅವರ ಕಣ್ಣು ನೆಟ್ಟಗಿತ್ತು. ಕೊಂಡ ವಸ್ತು ನೆಟ್ಟಗಿರಲಿಲ್ಲ. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಒಬ್ಬ ಒಳ್ಳೆಯ ಹಕ್ಕಿಪ್ರೇಮಿ ತಮ್ಮ ಮೇಲೆಯೇ ನಂಬಿಕೆ ಕಳೆದುಕೊಂಡಿದ್ದರು. ನನಗೆ ನೋವಾದದ್ದು ಅದಕ್ಕೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಎರಡು ಕೊಳವೆ ಒಂದೇ ಕಡೆ ನೋಡದಿರುವುದು ಮುಖ್ಯ ದೋಷ. ಕಣ್ಣು ಅದನ್ನು ಸರಿದೂಗಿಸುವುದರಿಂದ ದೋಷ ಬಚ್ಚಿಟ್ಟುಕೊಳ್ಳುತ್ತದೆ. ಹಾಗಾದರೆ ಪರೀಕ್ಷೆ ಮಾಡುವಾಗ ಕಣ್ಣಿಗೆ ಸರಿದೂಗಿಸುವ ಅವಕಾಶ ಕೊಡಬಾರದು.

ಪರೀಕ್ಷೆಗೆ ಮುಂಚೆ ಬೈನಾಕ್ಯುಲರನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಮಾಡದೆ ದೋಷ ಎಂದರೆ ತಪ್ಪಾಗುತ್ತದೆ. ನಡುವಿನ ಕೀಲನ್ನು ಮಡಿಸುತ್ತಾ ಬನ್ನಿ. ಎರಡು ವೃತ್ತ ಸೇರಿ ಒಂದೇ ವೃತ್ತವಾಗಿ ಕಾಣುವಲ್ಲಿ ನಿಲ್ಲಿಸಿ. ಕನ್ನಡಕ ಹಾಕುವವರು ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿ. ಇಲ್ಲವೇ ಮಡಚಿ. ಆಮೇಲೆ ಬಲಗಡೆಯ ದೊಡ್ಡ ಮಸೂರಕ್ಕೆ ಮುಚ್ಚಳ ಹಾಕಿ. ಎರಡು ಕಣ್ಣೂ ತೆರೆದಿರಲಿ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿ. ಈಗ ಮುಚ್ಚಳವನ್ನು ಎಡಗಡೆಗೆ ಹಾಕಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ತಿರ ಇನ್ನೊಂದು ಉಂಗುರ ಇರುತ್ತದೆ. ಅದನ್ನು ತಿರುಗಿಸಿ ಸ್ಪಷ್ಟ ಮಾಡಿ. ಡಯಾಪ್ಟರ್ ಉಂಗುರ ಎನ್ನುವುದು ಅದನ್ನೇ. ಕೆಲವು ಮಾದರಿಗಳಲ್ಲಿ ಅದು ಬೇರೆ ಜಾಗದಲ್ಲಿರುತ್ತದೆ. ಕೈಪಿಡಿ ನೋಡಿ. ಎಷ್ಟೋ ಜನ ಈ ಉಂಗುರ ಇದೆ ಎಂದೇ ಗೊತ್ತಿಲ್ಲದೆ ವರ್ಷಗಟ್ಟಲೆ ಮಸುಕು ಚಿತ್ರ ನೋಡುತ್ತಾರೆ.

ಹೊಂದಿಸಿಕೊಂಡಾಯಿತು. ಈಗ ಪರೀಕ್ಷೆ.

ಹಗಲು ಹೊತ್ತು. ಮನೆಯ ತಾರಸಿಗೆ ಹೋಗಿ. ದೂರದ ಕರೆಂಟು ತಂತಿಯನ್ನೋ ಚಾವಣಿಯ ಅಂಚನ್ನೋ ಆರಿಸಿಕೊಳ್ಳಿ. ಗೆರೆ ಅಡ್ಡವಾಗಿರಬೇಕು. ಬೈನಾಕ್ಯುಲರನ್ನು ಗೋಡೆಯ ಮೇಲೆ ಸಮನಾಗಿ ಊರಿ ನೋಡಿ. ಆಮೇಲೆ ನೋಡುತ್ತಾ ನೋಡುತ್ತಾ ತಲೆಯನ್ನು ನಿಧಾನವಾಗಿ ಒಂದು ಗೇಣಿನಷ್ಟು ಹಿಂದಕ್ಕೆ ತನ್ನಿ. ಈಗ ಎರಡು ಚಿಕ್ಕ ವೃತ್ತ ಬೇರೆ ಬೇರೆಯಾಗಿ ಕಾಣುತ್ತವೆ. ಎರಡರಲ್ಲೂ ತಂತಿ ಇರುತ್ತದೆ. ಎಡಗಡೆಯ ತಂತಿಯ ಮಟ್ಟದಲ್ಲೇ ಬಲಗಡೆಯ ತಂತಿಯೂ ಇದ್ದರೆ ಒಳ್ಳೆಯದು. ಒಂದು ಮೇಲೆ, ಒಂದು ಕೆಳಗೆ, ಮೆಟ್ಟಿಲಿನಂತೆ ಕಂಡರೆ ಅನುಮಾನ ಪಡಿ. ಸೂರ್ಯನ ದಿಕ್ಕಿಗೆ ಮಾತ್ರ ಎಂದೂ ಹಿಡಿಯಬೇಡಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವಾಗ ಇದನ್ನು ಮರೆಯದೆ ಹೇಳಿ.

ಇದಕ್ಕಿಂತ ಸೂಕ್ಷ್ಮವಾದದ್ದು ರಾತ್ರಿಯ ಪರೀಕ್ಷೆ. ಚೆನ್ನಾಗಿ ಹೊಳೆಯುವ ಒಂದು ನಕ್ಷತ್ರ ಸಾಕು. ಎಡಗಣ್ಣಿಗೆ ನಕ್ಷತ್ರ ಚುಕ್ಕೆಯಾಗಿ ಕಾಣಲಿ. ಡಯಾಪ್ಟರ್ ಉಂಗುರವನ್ನು ಬೇಕೆಂದೇ ತಪ್ಪಾಗಿ ತಿರುಗಿಸಿ. ಬಲಗಣ್ಣಿಗೆ ಅದೇ ನಕ್ಷತ್ರ ಊದಿಕೊಂಡು ಬೆಳಕಿನ ಬಿಲ್ಲೆಯಾಗುತ್ತದೆ. ಒಂದು ಕಣ್ಣಿಗೆ ಚುಕ್ಕೆ, ಒಂದು ಕಣ್ಣಿಗೆ ಬಿಲ್ಲೆ. ಎರಡರ ಆಕಾರ ಬೇರೆ. ಹಾಗಾಗಿ ಮಿದುಳು ಅವನ್ನು ಒಂದುಗೂಡಿಸಲು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಚುಕ್ಕೆ ಬಿಲ್ಲೆಯ ಒಳಗೇ ಇದ್ದರೆ ನೆಮ್ಮದಿ. ಚುಕ್ಕೆ ಎಡಕ್ಕೋ ಬಲಕ್ಕೋ ಸ್ವಲ್ಪ ಸರಿದಿದ್ದರೆ ಅದು ನಿಮ್ಮ ಕಣ್ಣಿನ ಸಹಜ ಗುಣವೂ ಇರಬಹುದು. ಅದಕ್ಕೆ ಹೆದರಬೇಡಿ. ಮೇಲಕ್ಕೋ ಕೆಳಕ್ಕೋ ಬಿಲ್ಲೆಯಿಂದ ಆಚೆ ಹೋಗಿದ್ದರೆ ಮನೆಯ ಇನ್ನೊಬ್ಬರಿಗೆ ತೋರಿಸಿ. ಅವರಿಗೂ ಹಾಗೇ ಕಂಡರೆ ದೋಷ ನಿಮ್ಮ ಕಣ್ಣಿನದಲ್ಲ.

ಇನ್ನೊಂದು ಮಾತು ಸೇರಿಸಬೇಕು. ಕೆಲವು ಬೈನಾಕ್ಯುಲರ್‌ಗಳು ಕೀಲಿನ ಒಂದು ಅಗಲದಲ್ಲಿ ಸರಿಯಾಗಿರುತ್ತವೆ. ಇನ್ನೊಂದು ಅಗಲದಲ್ಲಿ ತಪ್ಪುತ್ತವೆ. ಅಪ್ಪನಿಗೆ ಚೆನ್ನಾಗಿ ಕಾಣುವುದು ಮಗಳಿಗೆ ಎರಡಾಗಿ ಕಾಣುತ್ತದೆ. ಮಗಳು ಹೇಳಿದ್ದನ್ನು ಯಾರೂ ನಂಬುವುದಿಲ್ಲ. ದಯವಿಟ್ಟು ಮಕ್ಕಳ ಮಾತು ನಂಬಿ. ಕೀಲನ್ನು ಚಾಚಿ ಒಮ್ಮೆ, ಮಡಿಸಿ ಒಮ್ಮೆ ಪರೀಕ್ಷೆ ಮಾಡಿ.

ತಂತಿಯ ಪರೀಕ್ಷೆ, ನಕ್ಷತ್ರದ ಪರೀಕ್ಷೆ ಆಯಿತು. ಈಗ ಉಳಿದ ದೋಷಗಳನ್ನು ಬೇಗ ನೋಡಿಬಿಡೋಣ.

ಬೈನಾಕ್ಯುಲರನ್ನು ಕೈ ಚಾಚಿ ಬೆಳಕಿನ ಆಕಾಶದ ಕಡೆ ಹಿಡಿಯಿರಿ. ಸೂರ್ಯ ಬೆನ್ನ ಹಿಂದೆ ಇರಲಿ. ಕಣ್ಣಿನ ಕಡೆಯ ಮಸೂರಗಳಲ್ಲಿ ಬೆಳಕಿನ ಎರಡು ಪುಟ್ಟ ಬಿಲ್ಲೆ ಕಾಣುತ್ತವೆ. ಎರಡೂ ಒಂದೇ ಗಾತ್ರ, ಒಂದೇ ಆಕಾರ ಇರಬೇಕು. ಒಂದು ದುಂಡಗಿದ್ದು ಇನ್ನೊಂದರ ಅಂಚು ಕತ್ತರಿಸಿದಂತಿದ್ದರೆ ಒಳಗೆ ಪ್ರಿಸ್ಮ್ ಜರುಗಿರಬಹುದು. ಆ ಬಿಲ್ಲೆಯ ಅಗಲ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಎಂಟು ಗುಣಿಸು ನಲವತ್ತೆರಡು ಎಂದು ಬರೆದಿದ್ದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ ನಲವತ್ತೆರಡು ಮಿಲಿಮೀಟರ್ ಅಗಲವಿದೆ ಎಂದರ್ಥ. ನಲವತ್ತೆರಡನ್ನು ಎಂಟರಿಂದ ಭಾಗಿಸಿ. ಬಿಲ್ಲೆ ಸುಮಾರು ಐದು ಮಿಲಿಮೀಟರ್ ಇರಬೇಕು. ಸ್ಕೇಲು ಹಿಡಿದು ನೋಡಿ. ತೀರಾ ಕಡಿಮೆ ಇದ್ದರೆ ಮೈಮೇಲೆ ಬರೆದ ಸಂಖ್ಯೆಯೇ ಸುಳ್ಳಿರಬಹುದು. ಜಾತ್ರೆಯಲ್ಲಿ, ಪ್ರವಾಸಿ ತಾಣದ ರಸ್ತೆಬದಿಯಲ್ಲಿ ಅರವತ್ತು ಪಟ್ಟು, ನೂರು ಪಟ್ಟು ಎಂದು ಬರೆದು ಮಾರುತ್ತಾರಲ್ಲ, ಅವುಗಳ ಮೇಲೆ ಈ ಲೆಕ್ಕ ಮಾಡಿ ನೋಡಿ.

ಒಂದೊಂದೇ ಕೊಳವೆಯಲ್ಲೂ ನೋಡಬೇಕು. ಎಷ್ಟು ಹೊಂದಿಸಿದರೂ ಒಂದು ಕೊಳವೆ ಮಸುಕಾಗಿಯೇ ಉಳಿದರೆ ದೋಷ. ನಕ್ಷತ್ರ ಚುಕ್ಕೆಯಾಗುವ ಬದಲು ಗೀಟಾಗಿಯೋ ಕೂಡಿಸುವ ಚಿಹ್ನೆಯಂತೆಯೋ ಕಂಡರೆ ತಲೆಯನ್ನು ಪಕ್ಕಕ್ಕೆ ಓರೆ ಮಾಡಿ. ಗೀಟು ನಿಮ್ಮ ತಲೆಯ ಜೊತೆ ತಿರುಗಿದರೆ ಅದು ಕಣ್ಣಿನದು. ಬೈನಾಕ್ಯುಲರಿನ ಜೊತೆ ಇದ್ದುಬಿಟ್ಟರೆ ಅದು ಮಸೂರದ್ದು. ನೇರ ಕೊಳವೆಯ, ತೆಳ್ಳಗಿನ ಬೈನಾಕ್ಯುಲರ್‌ಗಳಲ್ಲಿ ಮನೆಯ ಮಾಡಿನ ಆಕಾರದ ಪ್ರಿಸ್ಮ್ ಇರುತ್ತದೆ. ಅದರ ಮೂಲೆ ತೊಂಬತ್ತು ಡಿಗ್ರಿಯಿಂದ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗದಷ್ಟು, ಹೆಚ್ಚೆಂದರೆ ಅದರ ಕೆಲವು ಪಟ್ಟಿನಷ್ಟು ಮಾತ್ರ ತಪ್ಪಬಹುದು. ಅದಕ್ಕಿಂತ ತಪ್ಪಿದರೆ ಒಂದೇ ಕಣ್ಣಿಗೂ ಚಿತ್ರ ಎರಡಾಗುತ್ತದೆ.

ಮೆಲ್ಲಗೆ ಅಲುಗಿಸಿದಾಗ ಒಳಗೆ ಏನೋ ಗಲಗಲ ಎಂದರೆ ದೋಷ. ನೀರು ಹೊಗುವುದಿಲ್ಲ ಎಂದು ಬರೆದು ಮಾರಿದ್ದರಲ್ಲಿ ಮಸೂರದ ಒಳಮೈಗೆ ಹಬೆ ಕಟ್ಟಿದರೆ ದೋಷ. ಹೊರಮೈಯ ಹಬೆ ದೋಷವಲ್ಲ. ಪೆಟ್ಟಿಗೆ ಒಡೆದ ದಿನವೇ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು. ನಿಮಗೆ ಬಂದಿರುವುದು ಬಹುಕಾಲ ಗೋದಾಮಿನಲ್ಲಿ ಕೂತ ಹಳೆಯ ಸರಕಿರಬೇಕು. ಮಲೆನಾಡು, ಕರಾವಳಿಯ ಕೇಳುಗರು ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಒಂದು ಮಳೆಗಾಲ ಕಳೆದ ಮೇಲೆ ಬೂಸ್ಟು ಯಾರದೆಂದು ಹೇಳಲು ಬರುವುದಿಲ್ಲ.

ದೋಷಗಳನ್ನು ಹೇಳಿದೆ. ದೋಷವಲ್ಲದ್ದನ್ನೂ ಹೇಳುವುದು ನ್ಯಾಯ. ಅಂಗಡಿಯವರಿಗೂ ಸಂಸಾರವಿದೆ. ಒಳಗೆ ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ವೃತ್ತದ ಅಂಚಿನಲ್ಲಿ ಚಿತ್ರ ಸ್ವಲ್ಪ ಮಸುಕಾಗುವುದು ಸಹಜ. ಬಿಳಿ ಆಕಾಶದೆದುರು ಕೂತ ಕಾಜಾಣದ ಮೈಸುತ್ತ ನೇರಳೆ ಅಂಚು ಕಾಣುವುದು ಅಗ್ಗದ ಗಾಜಿನ ಮಿತಿ. ಅದು ಆ ಒಂದು ಬೈನಾಕ್ಯುಲರಿನ ದೋಷವಲ್ಲ. ಆ ಮಾದರಿಯ ಎಲ್ಲದರಲ್ಲೂ ಇರುತ್ತದೆ. ಬದಲಿಸಿ ತಂದರೂ ಹೋಗುವುದಿಲ್ಲ.

ದೋಷ ಗೊತ್ತಾಯಿತು, ದೋಷವಲ್ಲದ್ದೂ ಗೊತ್ತಾಯಿತು. ಈಗ ಅದನ್ನು ಹಿಂದಿರುಗಿಸುವ ಮಾತು.

ಮೊಟ್ಟಮೊದಲು, ಸ್ಕ್ರೂ ಬಿಚ್ಚಬೇಡಿ. ಗಡಿಯಾರ ರಿಪೇರಿಯವರ ಹತ್ತಿರವೂ ಕೊಡಬೇಡಿ. ಬಿಚ್ಚಿದ ಗುರುತು ಕಂಡರೆ ವಾರಂಟಿ ಹೋಯಿತು. ಹಬೆ ಕಟ್ಟದಂತೆ ಒಳಗೆ ನೈಟ್ರೋಜನ್ ತುಂಬಿದ್ದರೆ ಅದೂ ಹೋಯಿತು. ಕಾಲಿಮೇಷನ್ ಸರಿಮಾಡಲು ಬೇರೆಯೇ ಉಪಕರಣ ಬೇಕು, ಪಳಗಿದ ಕೈ ಬೇಕು.

ಎರಡನೆಯದು, ದಿನ ಕಳೆಯಬೇಡಿ. ಆನ್‌ಲೈನಿನಲ್ಲಿ ಕೊಂಡರೆ ಹಿಂದಿರುಗಿಸಲು ಸಾಮಾನ್ಯವಾಗಿ ವಾರ, ಹತ್ತು ದಿನ ಅವಕಾಶ ಕೊಡುತ್ತಾರೆ. ನಮ್ಮಲ್ಲಿ ಏನಾಗುತ್ತದೆ? ದೀಪಾವಳಿಗೆ ತರಿಸುತ್ತೇವೆ. ಪೂಜೆ ಮಾಡಿ ಬೀರುವಿನಲ್ಲಿಡುತ್ತೇವೆ. ಡಿಸೆಂಬರ್ ರಜೆಯಲ್ಲಿ ರಂಗನತಿಟ್ಟಿಗೆ ಹೋದಾಗ ಹೊರಗೆ ತೆಗೆಯುತ್ತೇವೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಪೂಜೆಯ ದಿನವೇ ಸಂಜೆ ತಾರಸಿಗೆ ಹೋಗಿ ನಕ್ಷತ್ರ ನೋಡಿ. ಪೆಟ್ಟಿಗೆ, ಥರ್ಮೋಕೋಲು, ಬಿಲ್ಲು, ವಾರಂಟಿ ಚೀಟಿ ಯಾವುದನ್ನೂ ಎಸೆಯಬೇಡಿ. ಮೈಮೇಲಿನ ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಹೊರದೇಶದಿಂದ ಬಂದ ಸರಕಾದರೆ ಪೆಟ್ಟಿಗೆಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ ಇರಲೇಬೇಕೆಂದು ನಿಯಮವಿದೆ. ಅದು ಇಲ್ಲದ ಪೆಟ್ಟಿಗೆಯನ್ನು ಕೊಳ್ಳದಿರುವುದೇ ಲೇಸು. ವಾರಂಟಿ ಕೇಳಲು ಯಾರ ಬಾಗಿಲಿಗೂ ಹೋಗುವಂತಿಲ್ಲ.

ದೂರು ಬರೆಯುವಾಗ "ಸರಿಯಾಗಿ ಕಾಣುವುದಿಲ್ಲ" ಎಂದು ಬರೆದರೆ "ಫೋಕಸ್ ಮಾಡಿಕೊಳ್ಳಿ" ಎಂದು ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಡಯಾಪ್ಟರ್ ಹೊಂದಿಸಿದ ಮೇಲೂ ಎರಡು ಕೊಳವೆಗಳ ಚಿತ್ರ ಕೂಡುವುದಿಲ್ಲ. ಬಲಗಡೆಯ ಚಿತ್ರ ಮೇಲಕ್ಕಿದೆ. ಇಬ್ಬರು ನೋಡಿ ಖಚಿತಪಡಿಸಿದ್ದೇವೆ. ಕಾಲಿಮೇಷನ್ ತಪ್ಪಿದೆ. ಬದಲಿ ಕೊಡಿ." ಬೈನಾಕ್ಯುಲರನ್ನು ಅಲುಗದಂತೆ ಸ್ಟ್ಯಾಂಡಿಗೆ ಕಟ್ಟಿ, ಒಂದೊಂದೇ ಕೊಳವೆಗೆ ಫೋನಿನ ಕ್ಯಾಮೆರಾ ಇಟ್ಟು ಒಂದೇ ಕಂಬದ ಚಿತ್ರ ತೆಗೆಯಿರಿ. ವೃತ್ತದೊಳಗೆ ಕಂಬದ ತುದಿ ಎರಡು ಕಡೆ ಎರಡು ಎತ್ತರದಲ್ಲಿದ್ದರೆ ಅದನ್ನೂ ಕಳಿಸಿ. ಪ್ರಯೋಗಾಲಯದ ಅಳತೆಯಲ್ಲದಿದ್ದರೂ ಮಾತಿಗೆ ಬಲ ಬರುತ್ತದೆ.

"ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ." ಈ ಬೋರ್ಡು ನೀವು ನೋಡಿದ್ದೀರಿ. ಬಣ್ಣ ಹಿಡಿಸಲಿಲ್ಲ ಎಂದು ಹೋದರೆ ಆ ಬೋರ್ಡಿಗೆ ಬೆಲೆ ಇರಬಹುದು. ದೋಷವಿರುವ ಸರಕಿಗೆ ಅದು ಅನ್ವಯಿಸುವುದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂಪಡೆಯದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ ಆ ಕಾಯ್ದೆ. ಬಿಲ್ಲಿನಲ್ಲಿ ಅವಧಿ ಹೇಳಿಲ್ಲದಿದ್ದರೆ ಮೂವತ್ತು ದಿನ. ಬಿಲ್ಲು ಕೊಡದಿರುವುದೂ ಅನುಚಿತವೇ. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಬಂದ ನಿಯಮಗಳ ಪ್ರಕಾರ, ನಿಮ್ಮ ದೂರು ತಲುಪಿದೆ ಎಂದು ಎರಡು ದಿನದೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು.

ಯಾರೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಸಂಖ್ಯೆ ಒಂದು, ಒಂಬತ್ತು, ಒಂದು, ಐದು. ಮತ್ತೊಮ್ಮೆ ಹೇಳುತ್ತೇನೆ, 1915. ಕನ್ನಡದಲ್ಲೇ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಮಾರಿದವರು ದೂರದ ಊರಿನವರಾದರೂ ನಿಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ. ಐದು ಲಕ್ಷ ರೂಪಾಯಿಯವರೆಗಿನ ಸರಕಿಗೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಕಣ್ಣಿಗೆ ಕಾಣದ ದೋಷವಾದರೆ ಆಯೋಗವೇ ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬಹುದು. ಕಾಲಿಮೇಷನ್ ತಪ್ಪಿದ ಬೈನಾಕ್ಯುಲರಿಗೆ ಇದು ತುಂಬ ಉಪಯೋಗದ ಏರ್ಪಾಡು. ಕಬಿನಿ, ದಾಂಡೇಲಿಯಂಥ ಕಡೆ ಪ್ರವಾಸಿಗರಿಗೆ ಹಕ್ಕಿ ತೋರಿಸಿ ಜೀವನ ಮಾಡುವ ಹುಡುಗರಿದ್ದಾರೆ. "ನಾವು ದುಡಿಮೆಗೆ ಕೊಂಡದ್ದು, ನಮಗೆ ಈ ಹಕ್ಕು ಇಲ್ಲ" ಎಂದು ಅವರು ಕೈಬಿಡಬಾರದು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರೂ ಈ ಕಾಯ್ದೆಯಲ್ಲಿ ಗ್ರಾಹಕರೇ.

ಬಹುಪಾಲು ದೂರುಗಳು ಇಷ್ಟು ದೂರ ಹೋಗುವುದಿಲ್ಲ. ಸ್ಪಷ್ಟವಾಗಿ ಬರೆದ ಒಂದು ಪತ್ರಕ್ಕೇ ಬದಲಿ ಬರುತ್ತದೆ. ಬಂದಾಗ ಮೊದಲು ಕ್ರಮಸಂಖ್ಯೆ ನೋಡಿ. ನೀವು ಕಳಿಸಿದ್ದೇ ಒರೆಸಿಕೊಂಡು ವಾಪಸು ಬಂದಿರಬಾರದು. ಬದಲಿ ಬಂದದ್ದಕ್ಕೂ ತಂತಿಯ ಪರೀಕ್ಷೆ, ನಕ್ಷತ್ರದ ಪರೀಕ್ಷೆ ಎರಡನ್ನೂ ಮಾಡಿ. ಅದೂ ತಪ್ಪಿದ್ದರೆ ಮೂರನೆಯದನ್ನು ಕೇಳಬೇಡಿ. ಹಣ ವಾಪಸು ಕೇಳಿ. ಆ ಹಣಕ್ಕೆ ಬೇರೆ ಮಾದರಿ ಆರಿಸಿ. ವರ್ಧನೆ ಹೆಚ್ಚು ಕಡಿಮೆ ಮಾಡುವ ಜೂಮ್ ಬೈನಾಕ್ಯುಲರ್ ಬೇಡ. ಅದರಲ್ಲಿ ಎರಡು ಕೊಳವೆಗಳನ್ನು ಸಮ ಇಡುವುದು ಇನ್ನೂ ಕಷ್ಟ. ಸಾಧ್ಯವಾದರೆ ಅಂಗಡಿಗೇ ಹೋಗಿ. ಒಂದೇ ಮಾದರಿಯ ಎರಡು ಮೂರನ್ನು ಮೇಜಿನ ಮೇಲೆ ಇಡಿಸಿಕೊಳ್ಳಿ. ಬಾಗಿಲಿಗೆ ಬಂದು ಒಂದೊಂದರಲ್ಲೂ ಹತ್ತು ನಿಮಿಷ ದೂರ ನೋಡಿ. ಅಂಗಡಿಯವರು ಅವಸರ ಮಾಡಿದರೂ ಹತ್ತು ನಿಮಿಷ ತೆಗೆದುಕೊಳ್ಳಿ.